ಕಂಟ್ರೋಲ್ ಇರೋದು ರಾಕೆಟ್‌ನಲ್ಲೋ, ಕೈಯಲ್ಲೋ?

ಕಳೆದ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ನಮ್ಮ ಕಾಲೇಜಿನ ಟೆನಿಸ್ ಕೋರ್ಟ್‌ನಲ್ಲಿ ಒಂದು ವ್ಯಾಪಾರ ಕುದುರುತ್ತಾ ಇತ್ತು. ಫೈನಲ್ ಇಯರ್ ಮುಗಿಸಿ ಹೊರಟಿದ್ದ ಸೀನಿಯರ್ ಒಬ್ಬರು ತಮ್ಮ ವಿಲ್ಸನ್ ಬ್ಲೇಡ್ 98 ರಾಕೆಟನ್ನು ಅರ್ಧ ಬೆಲೆಗೆ ಕೊಡ್ತೀನಿ ಅಂದಿದ್ದರು. ಅರ್ಧ ಬೆಲೆ ಅಂದರೂ ಹಾಸ್ಟೆಲ್‌ನಲ್ಲಿ ಇರುವವರಿಗೆ ಅದು ಎರಡು-ಮೂರು ತಿಂಗಳ ಮೆಸ್ ಬಿಲ್. ಕೊಳ್ಳಲು ಮುಂದೆ ಬಂದವಳು ನಮ್ಮ ಟೀಮಿನ ಎರಡನೇ ಸಿಂಗಲ್ಸ್ ಆಡುವ ಗೆಳತಿ. ಹಿಂದಿನ ವರ್ಷ ಇಂಟರ್ ಕಾಲೇಜ್ ಪಂದ್ಯದಲ್ಲಿ ಅವಳ ಫೋರ್‌ಹ್ಯಾಂಡ್ ಒಂದಾದ ಮೇಲೊಂದು ಬೇಸ್‌ಲೈನ್ ದಾಟಿ ಹೋಗಿ ಸೋತಿದ್ದಳು. ಈ ಸಲ ಪಂದ್ಯಕ್ಕೆ ಆರು ವಾರ ಇತ್ತು. ಸೀನಿಯರ್ ರಾಕೆಟ್‌ನಲ್ಲಿ ಹತ್ತು ಚೆಂಡು ಹೊಡೆದಳು, ಹತ್ತರಲ್ಲಿ ಒಂಬತ್ತು ಒಳಗೆ ಬಿತ್ತು. "ಏನ್ ಕಂಟ್ರೋಲ್ ಗುರೂ ಇದು!" ಅಂದಳು. ಲ್ಯಾಪ್‌ಟಾಪ್ ರಿಪೇರಿಗೆ ಅಂತ ಎತ್ತಿಟ್ಟಿದ್ದ ದುಡ್ಡನ್ನು ಅದಕ್ಕೆ ಹಾಕುವುದು ಅಂತ ಅಲ್ಲೇ ತೀರ್ಮಾನ ಆಯಿತು.

ನಾವು ನಾಲ್ಕು ಜನ ಅಡ್ಡ ಬಂದೆವು. ಹತ್ತು ಚೆಂಡು ಒಂದು ಟೆಸ್ಟಾ? ಲ್ಯಾಬ್‌ನಲ್ಲಿ ಒಂದೇ ರೀಡಿಂಗ್ ತೆಗೆದುಕೊಂಡು ಹೋದರೆ ನಮ್ಮ ಮೇಡಂ ರೆಕಾರ್ಡ್ ಬುಕ್ ವಾಪಸ್ ಎಸೆಯುತ್ತಾರೆ. "ಅಣ್ಣಾ, ಎರಡು ವಾರ ಕೊಡಿ, ಟೆಸ್ಟ್ ಮಾಡಿ ಹೇಳ್ತೀವಿ" ಅಂದೆವು. "ಮಾಡ್ರಪ್ಪಾ, ಆದ್ರೆ ನೆಲಕ್ಕೆ ಮಾತ್ರ ಕುಟ್ಟಬೇಡಿ" ಅಂದರು. ಆ ಎರಡು ವಾರದಲ್ಲಿ ನಾವು ಕಲಿತದ್ದನ್ನು ಇಲ್ಲಿ ಬರೆದಿದ್ದೇವೆ. ಟೆನಿಸ್ ಆಡದವರಿಗೂ ಇದು ಉಪಯೋಗ ಆಗಬಹುದು. ಯಾಕೆಂದರೆ ಇದು ಕೊನೆಗೆ ರಾಕೆಟ್‌ಗಿಂತ ಹೆಚ್ಚಾಗಿ ಅಳತೆಯ ಕಥೆ ಆಯಿತು.

ಕಂಟ್ರೋಲ್ ರಾಕೆಟ್ ಅಂದರೆ ಏನು?

ಮೊದಲು ಎರಡು ರಾಕೆಟ್‌ಗಳನ್ನೂ ಪಕ್ಕ ಪಕ್ಕ ಇಟ್ಟು ನೋಡೋಣ. ಗೆಳತಿಯ ಹಳೆಯ ರಾಕೆಟ್ ಬಾಬೊಲಾ ಪ್ಯೂರ್ ಡ್ರೈವ್. ತಲೆಯ ವಿಸ್ತೀರ್ಣ 100 ಚದರ ಇಂಚು, ದಾರ ಹಾಕದೆ ತೂಕ 300 ಗ್ರಾಂ, ಫ್ರೇಮಿನ ದಪ್ಪ 23ರಿಂದ 26 ಮಿಲಿಮೀಟರ್, ದಾರದ ಹೆಣಿಗೆ 16 ಉದ್ದ, 19 ಅಡ್ಡ. ಸೀನಿಯರ್ ಅವರ ಬ್ಲೇಡ್ 98 ಚದರ ಇಂಚು, 305 ಗ್ರಾಂ, ದಪ್ಪ 21 ಮಿಲಿಮೀಟರ್, ಹೆಣಿಗೆ 18 ಉದ್ದ, 20 ಅಡ್ಡ. ಕಾಗದದ ಮೇಲೆ ನೋಡಿದರೆ ವ್ಯತ್ಯಾಸ ಏನೂ ದೊಡ್ಡದಲ್ಲ ಅನಿಸುತ್ತದೆ. ಆದರೆ ಕೋರ್ಟ್‌ನಲ್ಲಿ ಮೊದಲನೆಯದನ್ನು ಎಲ್ಲರೂ ಪವರ್ ರಾಕೆಟ್ ಅಂತಾರೆ, ಎರಡನೆಯದನ್ನು ಕಂಟ್ರೋಲ್ ರಾಕೆಟ್ ಅಂತಾರೆ.

ಇದಕ್ಕೆ ಕಾರಣ ನಮ್ಮ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಪಾಠದಲ್ಲೇ ಇದೆ. ದಪ್ಪ ಫ್ರೇಮ್ ಕಡಿಮೆ ಬಾಗುತ್ತದೆ, ತೆಳು ಫ್ರೇಮ್ ಹೆಚ್ಚು ಬಾಗುತ್ತದೆ. ಚೆಂಡು ದಾರದ ಮೇಲೆ ಇರುವುದು ಸುಮಾರು 5 ಮಿಲಿಸೆಕೆಂಡ್ ಮಾತ್ರ. ಬಾಗಿದ ಫ್ರೇಮ್ ನೆಟ್ಟಗಾಗಿ ವಾಪಸ್ ಬರುವಷ್ಟರಲ್ಲಿ ಚೆಂಡು ಹೊರಟು ಹೋಗಿರುತ್ತದೆ. ಹಾಗಾಗಿ ಫ್ರೇಮ್ ಬಾಗುವುದಕ್ಕೆ ಖರ್ಚಾದ ಶಕ್ತಿ ಚೆಂಡಿಗೆ ಸಿಗುವುದಿಲ್ಲ, ಅದು ಕೈಯಲ್ಲಿ ನಡುಕವಾಗಿ ಮುಗಿದುಹೋಗುತ್ತದೆ. ದಾರದ ಕಥೆ ಉಲ್ಟಾ. ದಾರ ಹಿಗ್ಗಿ ಪಡೆದ ಶಕ್ತಿಯ ಬಹುಪಾಲನ್ನು ಚೆಂಡಿಗೆ ವಾಪಸ್ ಕೊಡುತ್ತದೆ. 18 ಮತ್ತು 20ರ ಒತ್ತಾದ ಹೆಣಿಗೆ ಕಡಿಮೆ ಹಿಗ್ಗುತ್ತದೆ, ಚೆಂಡು ಸ್ವಲ್ಪ ಕೆಳ ಕೋನದಲ್ಲಿ ಹೊರಡುತ್ತದೆ.

ಅಂದರೆ ಕಂಟ್ರೋಲ್ ರಾಕೆಟ್ ನಮಗೆ ಏನನ್ನೋ ಹೆಚ್ಚಿಗೆ ಕೊಡುವುದಿಲ್ಲ. ಅದು ಕಡಿಮೆ ಕೊಡುತ್ತದೆ, ಆದರೆ ಪ್ರತಿ ಸಲವೂ ಒಂದೇ ರೀತಿ ಕಡಿಮೆ ಕೊಡುತ್ತದೆ. ಉಳಿದದ್ದನ್ನು ಆಟಗಾರರೇ ಹಾಕಬೇಕು.

ಇನ್ನೊಂದು ಮಾತು. ಮನುಷ್ಯರ ಕೈ 5 ಮಿಲಿಸೆಕೆಂಡಿನ ಒಳಗೆ ಏನನ್ನೂ ತಿದ್ದಲಾರದು. ಚೆಂಡು ಬಡಿದ ಸುದ್ದಿ ಮೆದುಳಿಗೆ ಮುಟ್ಟುವ ಮುಂಚೆಯೇ ಎಲ್ಲ ಮುಗಿದಿರುತ್ತದೆ. "ಚೆಂಡನ್ನು ದಾರದ ಮೇಲೆ ಹಿಡಿದು ಕಳಿಸಿದ ಹಾಗಿತ್ತು" ಅಂತ ಆಟಗಾರರು ಹೇಳುವುದು ಸುಳ್ಳಲ್ಲ, ಆದರೆ ಅದು ಅನಿಸಿಕೆ. ನಾವು ಅನಿಸಿಕೆಯನ್ನು ನಂಬದೆ ಚೆಂಡು ಎಲ್ಲಿ ಬಿತ್ತು ಅಂತ ಮಾತ್ರ ನೋಡಬೇಕು ಅಂತ ಅಂದುಕೊಂಡೆವು.

ಎರಡು ಬಗೆಯ ತಪ್ಪು

ಫಸ್ಟ್ ಇಯರ್ ಫಿಸಿಕ್ಸ್ ಲ್ಯಾಬ್‌ನಲ್ಲಿ ಅಕ್ಯುರಸಿ ಬೇರೆ, ಪ್ರಿಸಿಷನ್ ಬೇರೆ ಅಂತ ಓದಿದ್ದು ನೆನಪಿದೆಯಾ? ವೈವಾ ಮುಗಿದ ಮೇಲೆ ನಾವೆಲ್ಲ ಮರೆತಿದ್ದೆವು. ಇಲ್ಲಿ ಅದೇ ಕೆಲಸಕ್ಕೆ ಬಂತು.

ಒಬ್ಬರ ಹೊಡೆತಗಳೆಲ್ಲ ಗುರಿಯಿಂದ ಒಂದು ಮೀಟರ್ ಆಚೆ, ಆದರೆ ಒಂದೇ ಕಡೆ ಗುಂಪಾಗಿ ಬೀಳುತ್ತವೆ ಅಂದುಕೊಳ್ಳಿ. ಇನ್ನೊಬ್ಬರ ಹೊಡೆತಗಳ ಸರಾಸರಿ ಗುರಿಯ ಮೇಲೇ ಇದೆ, ಆದರೆ ಒಂದು ಎಡಕ್ಕೆ, ಒಂದು ಬಲಕ್ಕೆ, ಒಂದು ಉದ್ದ, ಒಂದು ಗಿಡ್ಡ. ಇಬ್ಬರಿಗೂ "ಕಂಟ್ರೋಲ್ ಇಲ್ಲ" ಅಂತಲೇ ನಾವು ಹೇಳುತ್ತೇವೆ. ಆದರೆ ಕಾಯಿಲೆ ಬೇರೆ ಬೇರೆ, ಔಷಧಿಯೂ ಬೇರೆ ಬೇರೆ. ಮೊದಲನೆಯವರದು ಸೆಟ್ಟಿಂಗ್ ತಪ್ಪು. ದಾರ ಬಿಗಿ ಮಾಡಿದರೆ ಅಥವಾ ಗುರಿಯನ್ನು ಸ್ವಲ್ಪ ಹಿಂದಕ್ಕೆ ತಂದರೆ ಸರಿಹೋಗುತ್ತದೆ. ಎರಡನೆಯವರದು ಚದುರುವಿಕೆ. ಅದಕ್ಕೆ ಅಭ್ಯಾಸ ಬೇಕು, ಸ್ವಲ್ಪ ಮಟ್ಟಿಗೆ ರಾಕೆಟ್ ಕೂಡ ಸಹಾಯ ಮಾಡಬಹುದು.

ಚದುರುವಿಕೆ ಎಷ್ಟು ಸುಲಭವಾಗಿ ಆಗುತ್ತದೆ ಅನ್ನುವುದಕ್ಕೆ ಒಂದು ಲೆಕ್ಕ. ಕೋರ್ಟಿನ ಉದ್ದ 23.77 ಮೀಟರ್. ಚೆಂಡು ಬರೀ 1 ಡಿಗ್ರಿ ಪಕ್ಕಕ್ಕೆ ಹೊರಟರೆ ಆ ಕಡೆ ಬೇಸ್‌ಲೈನ್ ಮುಟ್ಟುವಾಗ 23.77 ಗುಣಿಸು ಟ್ಯಾನ್ 1, ಅಂದರೆ ಸುಮಾರು 41 ಸೆಂಟಿಮೀಟರ್ ಸರಿದಿರುತ್ತದೆ. 2 ಡಿಗ್ರಿ ಆದರೆ 83 ಸೆಂಟಿಮೀಟರ್. ಗೆರೆಯಿಂದ ಅರ್ಧ ಮೀಟರ್ ಒಳಗೆ ಗುರಿ ಇಟ್ಟವರಿಗೆ 2 ಡಿಗ್ರಿ ಅಂದರೆ ಪಾಯಿಂಟ್ ಹೋಯಿತು ಅಂತ ಅರ್ಥ. ಸಿಂಗಲ್ಸ್ ಕೋರ್ಟಿನ ಅಗಲ 8.23 ಮೀಟರ್ ಇದ್ದರೂ ಓಡಿಕೊಂಡು ಹೋಗಿ ಹೊಡೆಯುವಾಗ ಅದು ಗಲ್ಲಿ ಥರ ಕಾಣುವುದು ಇದಕ್ಕೇ.

ಮೊದಲು ಬೆಂಚಿನ ಮೇಲೆ

ಕೋರ್ಟಿಗೆ ಹೋಗುವ ಮುಂಚೆ ಎರಡೂ ರಾಕೆಟ್‌ಗಳ ಸ್ವಿಂಗ್‌ವೇಟ್ ಅಳೆದೆವು. ತೂಕ ಬೇರೆ, ಸ್ವಿಂಗ್‌ವೇಟ್ ಬೇರೆ. ಪೊರಕೆಯನ್ನು ಹಿಡಿಯ ಕಡೆಯಿಂದ ಬೀಸಿ ನೋಡಿ, ಆಮೇಲೆ ತಿರುಗಿಸಿ ಕಡ್ಡಿಯ ಕಡೆಯಿಂದ ಹಿಡಿದು ಬೀಸಿ. ತೂಕ ಅಷ್ಟೇ, ಆದರೆ ಕೈಗೆ ಆಗುವ ಭಾರ ಬೇರೆ. ಹಿಡಿಯ ತುದಿಯಿಂದ 10 ಸೆಂಟಿಮೀಟರ್ ಮೇಲಿರುವ ಅಕ್ಷದ ಸುತ್ತ ರಾಕೆಟ್ಟಿನ ಮೊಮೆಂಟ್ ಆಫ್ ಇನರ್ಷಿಯಾವನ್ನೇ ಸ್ವಿಂಗ್‌ವೇಟ್ ಅನ್ನುತ್ತಾರೆ.

ಇದಕ್ಕೆ ಮೆಷಿನ್ ಇದೆ, ನಮ್ಮ ಹತ್ತಿರ ಇರಲಿಲ್ಲ. ಲೋಲಕದ ಸೂತ್ರ ಇತ್ತು. ಬೆಂಚಿನ ಅಂಚಿನಿಂದ ಹೊರಚಾಚಿದ ಎರಡು ಮೊಳೆಗಳ ಮೇಲೆ ರಾಕೆಟ್ಟಿನ ಮೇಲ್ತುದಿಯ ಅಡ್ಡ ದಾರವನ್ನು ಕೂರಿಸಿ, ಹಿಡಿ ಕೆಳಗೆ ಬರುವ ಹಾಗೆ ತೂಗುಬಿಡಿ. ಗಡಿಯಾರದ ಲೋಲಕದ ಥರ ಎಡಕ್ಕೂ ಬಲಕ್ಕೂ ಆಡಬಾರದು, ದಾರದ ಮುಖ ಮುಂದಕ್ಕೂ ಹಿಂದಕ್ಕೂ ಆಡಬೇಕು. ಒಂದು ತೂಗಾಟಕ್ಕೆ ಎಷ್ಟು ಸಮಯ ಅಂತ ನೋಡಿ.

ಲೆಕ್ಕ ಹೀಗೆ. ದಾರ ಸೇರಿ ತೂಕ 0.323 ಕಿಲೋ, ಗುರುತ್ವ ಕೇಂದ್ರ ಹಿಡಿಯ ತುದಿಯಿಂದ 33 ಸೆಂಟಿಮೀಟರ್, ಮೊಳೆಯಿಂದ ಗುರುತ್ವ ಕೇಂದ್ರಕ್ಕೆ 31 ಸೆಂಟಿಮೀಟರ್, ತೂಗಾಟದ ಅವಧಿ 1.366 ಸೆಕೆಂಡ್ ಅಂತ ಇಟ್ಟುಕೊಳ್ಳಿ. ತೂಕ, 9.81 ಮತ್ತು 0.31 ಇವನ್ನು ಗುಣಿಸಿ, ಅವಧಿಯ ವರ್ಗದಿಂದ ಗುಣಿಸಿ, 4 ಪೈ ವರ್ಗದಿಂದ ಭಾಗಿಸಿದರೆ ಮೊಳೆಯ ಸುತ್ತಲಿನ ಇನರ್ಷಿಯಾ 0.0464 ಬರುತ್ತದೆ. ಪ್ಯಾರಲಲ್ ಆಕ್ಸಿಸ್ ಥಿಯರಂ ಪ್ರಕಾರ ಅದರಿಂದ 0.0310 ಕಳೆದರೆ ಗುರುತ್ವ ಕೇಂದ್ರದ ಸುತ್ತಲಿನದು 0.0154. ಅಲ್ಲಿಂದ ಕೈಯ ಅಕ್ಷಕ್ಕೆ 23 ಸೆಂಟಿಮೀಟರ್ ದೂರ ಇರುವುದರಿಂದ ಮತ್ತೆ 0.0171 ಸೇರಿಸಬೇಕು. ಒಟ್ಟು 0.0325. ಅಂಗಡಿಯವರ ಭಾಷೆಯಲ್ಲಿ ಇದು 325.

ನಾವು ಇಲ್ಲೇ ಮೊದಲ ಸಲ ಎಡವಿದ್ದು. ಅವಧಿಯಲ್ಲಿ 0.01 ಸೆಕೆಂಡ್ ತಪ್ಪಾದರೆ ಸ್ವಿಂಗ್‌ವೇಟ್‌ನಲ್ಲಿ 7 ಅಂಕ ತಪ್ಪುತ್ತದೆ. ಮೊಬೈಲ್ ಸ್ಟಾಪ್‌ವಾಚ್ ಒತ್ತುವಾಗ ನಮ್ಮ ಬೆರಳು 0.2 ಸೆಕೆಂಡ್ ಆಚೀಚೆ ಆಗುವುದು ಮಾಮೂಲು. ಒಂದೇ ತೂಗಾಟ ಅಳೆದರೆ ಉತ್ತರ ಕಸ. 20 ತೂಗಾಟ ಅಳೆದು ಭಾಗಿಸಿದರೆ ತಪ್ಪು 7 ಅಂಕಕ್ಕೆ ಇಳಿಯುತ್ತದೆ, 50 ಅಳೆದರೆ 3ರ ಹತ್ತಿರ ಬರುತ್ತದೆ. ನಾವು 50 ಎಣಿಸಿದೆವು. ಎರಡೂ ರಾಕೆಟ್‌ಗಳ ನಡುವೆ ನಮ್ಮ ಅಳತೆಯ ತಪ್ಪಿಗಿಂತ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಕೋರ್ಟಿನಲ್ಲಿ ವ್ಯತ್ಯಾಸ ಕಂಡರೆ ಅದಕ್ಕೆ ಬೀಸುವ ಭಾರ ಕಾರಣ ಅಲ್ಲ ಅಂತ ಗೊತ್ತಾಯಿತು.

ಆಮೇಲೆ ಕೋರ್ಟಿನಲ್ಲಿ

ಬೇಸ್‌ಲೈನಿನಿಂದ ಒಳಗೆ 3 ಮೀಟರ್, ಸೈಡ್‌ಲೈನಿನಿಂದ 2.5 ಮೀಟರ್ ಹಗ್ಗ ಹಾಕಿ ಮೂಲೆಯಲ್ಲಿ ಒಂದು ಡಬ್ಬ ಮಾಡಿದೆವು. ಕೋರ್ಟಿನ ಮಾರ್ಕರ್ ಅಣ್ಣ ಬುಟ್ಟಿಯಿಂದ ಒಂದೇ ಹದದಲ್ಲಿ ಚೆಂಡು ಕೊಡುತ್ತಿದ್ದರು, ಗೆಳತಿ ಕ್ರಾಸ್‌ಕೋರ್ಟ್ ಫೋರ್‌ಹ್ಯಾಂಡ್ ಹೊಡೆಯುತ್ತಿದ್ದಳು. ಪ್ರತಿ ಹೊಡೆತಕ್ಕೆ ನಾಲ್ಕರಲ್ಲಿ ಒಂದು ಗುರುತು: ಡಬ್ಬದೊಳಗೆ, ಉದ್ದ, ಪಕ್ಕಕ್ಕೆ, ಗಿಡ್ಡ ಅಥವಾ ನೆಟ್.

ಮೂರು ನಿಯಮ ಮಾಡಿಕೊಂಡೆವು. ಒಂದು, ಮೊದಲು ಹಳೆಯದರಲ್ಲಿ 20, ಆಮೇಲೆ ಬ್ಲೇಡ್‌ನಲ್ಲಿ 20, ಮತ್ತೆ ಬ್ಲೇಡ್‌ನಲ್ಲಿ 20, ಕೊನೆಗೆ ಹಳೆಯದರಲ್ಲಿ 20. ಹೀಗೆ ಮಾಡಿದರೆ ಮೈ ಬಿಸಿಯಾಗಿದ್ದರ ಲಾಭ, ಸುಸ್ತಾಗಿದ್ದರ ನಷ್ಟ ಎರಡಕ್ಕೂ ಹಂಚಿಹೋಗುತ್ತದೆ. ಎರಡು, ಎರಡಕ್ಕೂ ಒಂದೇ ಡಬ್ಬಿಯ ಚೆಂಡು. ಮೂರು, ಬರೆದುಕೊಳ್ಳುವವನು ಆಟಗಾರ್ತಿಯ ಕಡೆಗೆ ಬೆನ್ನು ಹಾಕಿ ಕೂರಬೇಕು. ಚೆಂಡು ಬೀಳುವ ಜಾಗ ಕಾಣಬೇಕು, ಕೈಯಲ್ಲಿರುವ ರಾಕೆಟ್ ಕಾಣಬಾರದು. ಗೆರೆ ಮೇಲೆ ಬಿದ್ದ ಚೆಂಡನ್ನು ನಮಗೆ ಇಷ್ಟವಾದ ರಾಕೆಟ್‌ಗೆ ಸೇರಿಸುವ ಆಸೆ ಎಲ್ಲರಿಗೂ ಇರುತ್ತದೆ ನೋಡಿ.

ಮೊದಲ ದಿನದ ಲೆಕ್ಕ. ಹಳೆಯ ರಾಕೆಟ್: 40ರಲ್ಲಿ 17 ಡಬ್ಬದೊಳಗೆ, 14 ಉದ್ದ, 4 ಪಕ್ಕಕ್ಕೆ, 5 ಗಿಡ್ಡ ಅಥವಾ ನೆಟ್. ಬ್ಲೇಡ್: 25 ಡಬ್ಬದೊಳಗೆ, 4 ಉದ್ದ, 3 ಪಕ್ಕಕ್ಕೆ, 8 ಗಿಡ್ಡ ಅಥವಾ ನೆಟ್. ಗೆಳತಿ ನಮ್ಮ ಕಡೆ ನೋಡಿ ನಕ್ಕಳು. "ಸಾಕಾ? ಈಗಲಾದ್ರೂ ದುಡ್ಡು ಕೊಡ್ಲಾ?"

ನಾವು ಹ್ಞೂಂ ಅನ್ನುವುದರಲ್ಲಿದ್ದೆವು. ಆಗ ಮಾರ್ಕರ್ ಅಣ್ಣ ಹಳೆಯ ರಾಕೆಟನ್ನು ಕೈಗೆ ತೆಗೆದುಕೊಂಡು ಅಂಗೈಯಿಂದ ದಾರವನ್ನು ತಟ್ಟಿದರು. "ಇದಕ್ಕೆ ಗಟ್ಟಿಂಗ್ ಮಾಡ್ಸಿ ಎಷ್ಟು ದಿನ ಆಯ್ತಮ್ಮಾ?" ಅಂತ ಕೇಳಿದರು. ಅವಳು ಯೋಚನೆ ಮಾಡಿ, "ಒಂದು ವರ್ಷ ಆಗಿರ್ಬೇಕು ಅಣ್ಣಾ" ಅಂದಳು. "ಇದು ಸತ್ತು ಎಷ್ಟೋ ತಿಂಗಳಾಗಿದೆ" ಅಂದರು.

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಸ್ವಿಂಗ್‌ವೇಟ್ ಅಳೆದಿದ್ದೆವು, ಚೆಂಡಿನ ಡಬ್ಬಿ ಒಂದೇ ಇಟ್ಟಿದ್ದೆವು, ಬರೆಯುವವನ ಬೆನ್ನು ತಿರುಗಿಸಿದ್ದೆವು. ದಾರ ಮಾತ್ರ ಯಾರ ತಲೆಗೂ ಬಂದಿರಲಿಲ್ಲ. ಪಾಲಿಯೆಸ್ಟರ್ ದಾರ ತುಂಡಾಗದೆ ಇದ್ದರೂ ಬಿಗಿ ಕಳೆದುಕೊಳ್ಳುತ್ತಾ ಹೋಗುತ್ತದೆ, ಅದೂ ಬೇರೆ ದಾರಗಳಿಗಿಂತ ಬೇಗ. ಸಡಿಲವಾದ ದಾರದಿಂದ ಚೆಂಡು ಹೆಚ್ಚು ಎತ್ತರಕ್ಕೆ ಹೊರಡುತ್ತದೆ, ಉದ್ದ ಬೀಳುತ್ತದೆ. ಸೀನಿಯರ್ ರಾಕೆಟ್ ಮಾರಬೇಕು ಅಂತ ಹಿಂದಿನ ವಾರವಷ್ಟೇ ಹೊಸ ದಾರ ಹಾಕಿಸಿದ್ದರು. ನಾವು ಹೋಲಿಸಿದ್ದು ಪವರ್ ರಾಕೆಟ್‌ಗೂ ಕಂಟ್ರೋಲ್ ರಾಕೆಟ್‌ಗೂ ಅಲ್ಲ, ಸತ್ತ ದಾರಕ್ಕೂ ಹೊಸ ದಾರಕ್ಕೂ.

ಎರಡನೇ ಸುತ್ತು

ಎರಡೂ ರಾಕೆಟ್‌ಗೂ ಒಂದೇ ದಿನ, ಒಂದೇ ದಾರ, 50 ಪೌಂಡ್ ಬಿಗಿಯಲ್ಲಿ ಗಟ್ಟಿಂಗ್ ಮಾಡಿಸಿದೆವು. ಅದೇ ಡಬ್ಬ, ಅದೇ ನಿಯಮ. ಈ ಸಲ ಹಳೆಯ ರಾಕೆಟ್: 23 ಡಬ್ಬದೊಳಗೆ, 7 ಉದ್ದ, 4 ಪಕ್ಕಕ್ಕೆ, 6 ಗಿಡ್ಡ ಅಥವಾ ನೆಟ್. ಬ್ಲೇಡ್: 24 ಡಬ್ಬದೊಳಗೆ, 5 ಉದ್ದ, 3 ಪಕ್ಕಕ್ಕೆ, 8 ಗಿಡ್ಡ ಅಥವಾ ನೆಟ್.

ಎಂಟು ಹೊಡೆತದ ಅಂತರ ಒಂದಕ್ಕೆ ಇಳಿದಿತ್ತು. ಒಂದು ಅಂದರೆ ಏನೂ ಅಲ್ಲ. 40 ಹೊಡೆತದಲ್ಲಿ ಸುಮಾರು 60 ಪರ್ಸೆಂಟ್ ಒಳಗೆ ಹೊಡೆಯುವವರಿಗೆ ಬೈನಾಮಿಯಲ್ ಲೆಕ್ಕದ ಪ್ರಕಾರ ಸ್ಟ್ಯಾಂಡರ್ಡ್ ಡೀವಿಯೇಷನ್ 3ರಷ್ಟು ಬರುತ್ತದೆ. ಅಂದರೆ ಅದೇ ಕೈ, ಅದೇ ರಾಕೆಟ್, ಮಾರನೇ ದಿನ 21 ಆಗಬಹುದು, 27 ಕೂಡ ಆಗಬಹುದು. ಹತ್ತು ಚೆಂಡು ಹೊಡೆದು ಬರುವ ತೀರ್ಮಾನದ ಬೆಲೆ ಎಷ್ಟು ಅಂತ ನೀವೇ ಲೆಕ್ಕ ಹಾಕಿ.

ಗೆಳತಿಯ ತಪ್ಪು ಬಹುಪಾಲು ಮೊದಲನೇ ಬಗೆಯದ್ದು, ಸೆಟ್ಟಿಂಗ್ ತಪ್ಪು. ಅವಳ ಚೆಂಡುಗಳು ಮೊದಲಿಂದಲೂ ಗುಂಪಾಗೇ ಬೀಳುತ್ತಿದ್ದವು, ಗೆರೆಯಿಂದ ಆಚೆ ಅಷ್ಟೇ. ಹಿಂದಿನ ವರ್ಷ ಸೋತ ಮೇಲೆ ತಿಂಗಳುಗಟ್ಟಲೆ "ನನ್ನ ಫೋರ್‌ಹ್ಯಾಂಡೇ ಸರಿ ಇಲ್ಲ" ಅಂತ ತನ್ನನ್ನೇ ಬೈದುಕೊಂಡಿದ್ದಳು. ಅದನ್ನು ನೆನೆದು ಅವಳು ನಗಲಿಲ್ಲ, ಸುಮ್ಮನೆ ಸ್ವಲ್ಪ ಹೊತ್ತು ಬೆಂಚಿನ ಮೇಲೆ ಕೂತಿದ್ದಳು.

ಹಾಗಾದರೆ ಬ್ಲೇಡ್ ಬರೀ ಹೆಸರಾ?

ಅಲ್ಲ. ಇನ್ನೂ ಎರಡು ಟೆಸ್ಟ್ ಮಾಡಿದೆವು.

ಮೊದಲನೆಯದು ಸುಸ್ತಿನ ಟೆಸ್ಟ್. ಹಾಸ್ಟೆಲ್ಲಿನ ಕ್ಯಾರಂ ಪೌಡರ್ ತಂದು ದಾರಕ್ಕೆ ಸವರಿದೆವು. ಚೆಂಡು ಬಡಿದ ಕಡೆ ಗುರುತು ಮೂಡುತ್ತದೆ. ಆಟ ಶುರುವಾದಾಗ ಗುರುತುಗಳು ನಡುವಿನಲ್ಲಿ ಒತ್ತಾಗಿದ್ದವು. ಒಂದು ಗಂಟೆ ಆಡಿದ ಮೇಲೆ ತುದಿಯ ಕಡೆಗೂ ಅಂಚಿನ ಕಡೆಗೂ ಹರಡಿದವು. ಕಾಲು ನಿಧಾನ ಆದಾಗ ಚೆಂಡು ನಡುವಿಗೆ ಸಿಗುವುದಿಲ್ಲ. ಅಂಚಿಗೆ ಬಡಿದಾಗ ರಾಕೆಟ್ ಕೈಯಲ್ಲೇ ತಿರುಚಿಕೊಳ್ಳುತ್ತದೆ. ತಲೆ ಅಗಲ ಇದ್ದಷ್ಟೂ ತಿರುಚುವುದು ಕಡಿಮೆ, ಯಾಕೆಂದರೆ ಇನರ್ಷಿಯಾ ದೂರದ ವರ್ಗದ ಪ್ರಕಾರ ಏರುತ್ತದೆ. 1976ರಲ್ಲಿ ಹೊವರ್ಡ್ ಹೆಡ್ ಅನ್ನುವ ಎಂಜಿನಿಯರ್ ಪೇಟೆಂಟ್ ಪಡೆದ ದೊಡ್ಡ ತಲೆಯ ಪ್ರಿನ್ಸ್ ರಾಕೆಟ್ ಹಿಂದೆ ಇದ್ದದ್ದು ಇದೇ ಲೆಕ್ಕ. ರೋಜರ್ ಫೆಡರರ್ ಅಂಥವರೇ ವರ್ಷಗಟ್ಟಲೆ 90 ಚದರ ಇಂಚಿನಲ್ಲಿ ಆಡಿ, 2014ರಲ್ಲಿ 97ಕ್ಕೆ ಬಂದರು. ಸುಸ್ತಾದ ಗೆಳತಿಯ ಕೈಯಲ್ಲಿ ಬ್ಲೇಡ್‌ನ ಚೆಂಡುಗಳು ಕೋರ್ಟಿನ ನಡುವೆ ಗಿಡ್ಡ ಬೀಳತೊಡಗಿದವು. ಕೈ ಹಾಕಿದ್ದಷ್ಟನ್ನೇ ವಾಪಸ್ ಕೊಡುವ ರಾಕೆಟ್, ಕೈ ಕಡಿಮೆ ಹಾಕಿದಾಗ ಕಡಿಮೆಯೇ ಕೊಟ್ಟಿತು.

ಎರಡನೆಯದು ವಾಲಿ. ಇಲ್ಲಿ ನಮ್ಮ ಡಬಲ್ಸ್ ಆಡುವ ಹುಡುಗನಿಗೆ ಬ್ಲೇಡ್ ಕೊಟ್ಟೆವು. ನೆಟ್ ಹತ್ತಿರ ಕೈ ಬೀಸುವುದು ಕಡಿಮೆ, ಎದುರಾಳಿಯ ಚೆಂಡಿನ ವೇಗವನ್ನೇ ತಿರುಗಿಸಿ ಕಳಿಸಬೇಕು. ಅಲ್ಲಿ ಚಿಮ್ಮುವ ರಾಕೆಟ್ ಬೇಡ, ಸುಮ್ಮನಿರುವ ರಾಕೆಟ್ ಬೇಕು. ಅವನ ವಾಲಿಗಳು ಬ್ಲೇಡ್‌ನಲ್ಲಿ ಸ್ಪಷ್ಟವಾಗಿ ಒಂದೇ ಕಡೆ ಗುಂಪು ಕಟ್ಟಿದವು. ಮೂರು ಸಂಜೆ ಮತ್ತೆ ಮತ್ತೆ ಮಾಡಿಸಿದರೂ ಹಾಗೇ ಬಂತು. ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ 43ನೇ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದದ್ದನ್ನು ನೋಡಿದ್ದಾಗ ನಮಗೆ ಕಂಡದ್ದು ಅವರ ಸರ್ವ್ ಮಾತ್ರ. ಈಗ ನೆಟ್ ಹತ್ತಿರದ ಆ ಸಣ್ಣ ಸಣ್ಣ ಹೊಡೆತಗಳನ್ನು ನೋಡುವ ಕಣ್ಣು ಬೇರೆ ಆಗಿದೆ.

ನೀವು ರಾಕೆಟ್ ಕೊಳ್ಳುವ ಮುಂಚೆ

ನಮ್ಮಿಂದ ನಾಲ್ಕು ಮಾತು. ಹೊಸ ರಾಕೆಟ್ ನೋಡುವ ಮುಂಚೆ ಹಳೆಯದಕ್ಕೆ ಗಟ್ಟಿಂಗ್ ಮಾಡಿಸಿ, ಆಮೇಲೆ ಹೋಲಿಸಿ. ಚೆಂಡುಗಳು ಎಲ್ಲಿ ಬೀಳುತ್ತಿವೆ ಅಂತ ಬರೆದುಕೊಳ್ಳಿ. ಗುಂಪಾಗಿದ್ದರೆ ಸೆಟ್ಟಿಂಗ್ ಬದಲಿಸಿ, ಚದುರಿದ್ದರೆ ಅಭ್ಯಾಸ ಹೆಚ್ಚಿಸಿ. ಫ್ರೆಶ್ ಆಗಿದ್ದಾಗ ಒಂದು ಸಲ, ಸುಸ್ತಾದಾಗ ಇನ್ನೊಂದು ಸಲ ಟೆಸ್ಟ್ ಮಾಡಿ, ಪಂದ್ಯದ ಮೂರನೇ ಸೆಟ್ ಆಡುವುದು ಸುಸ್ತಾದ ಕೈಯೇ. ಕೊನೆಯದಾಗಿ, ನೀವು ಕೋರ್ಟಿನಲ್ಲಿ ನಿಜವಾಗಿ ಹೆಚ್ಚು ಹೊಡೆಯುವ ಹೊಡೆತದಲ್ಲೇ ಅಳೆಯಿರಿ, ಟಿವಿಯಲ್ಲಿ ನೋಡಿ ಇಷ್ಟಪಟ್ಟ ಹೊಡೆತದಲ್ಲಿ ಅಲ್ಲ.

ಬ್ಲೇಡ್ ಕೊನೆಗೆ ಡಬಲ್ಸ್ ಹುಡುಗನ ಪಾಲಾಯಿತು. ದುಡ್ಡನ್ನು ಮೂರು ಕಂತಿನಲ್ಲಿ ಕೊಡಲು ಸೀನಿಯರ್ ಒಪ್ಪಿದರು. ಗೆಳತಿಯ ಲ್ಯಾಪ್‌ಟಾಪ್ ರಿಪೇರಿ ಆಯಿತು. ಅವಳು ಪಂದ್ಯದಲ್ಲಿ ಎರಡು ಸುತ್ತು ಗೆದ್ದು ಮೂರನೆಯದರಲ್ಲಿ ಸೋತಳು, ಅದೂ ತನಗಿಂತ ಚೆನ್ನಾಗಿ ಆಡಿದವಳ ಕೈಯಲ್ಲಿ. ವಾಪಸ್ ಬರುವಾಗ ಬಸ್ಸಿನಲ್ಲಿ ಯಾರೂ ರಾಕೆಟ್ ಬಗ್ಗೆ ಮಾತಾಡಲಿಲ್ಲ. ಅವಳು ಮಾತ್ರ ಒಮ್ಮೆ ಅಂದಳು: "ಈ ಸಲ ಉದ್ದ ಹೋಗಿದ್ದು ಬರೀ ಮೂರೇ ಚೆಂಡು ಕಣ್ರೋ, ನಾನು ಎಣಿಸ್ತಾ ಇದ್ದೆ."

ನಮ್ಮ ಹಗ್ಗ, ಕ್ಯಾರಂ ಪೌಡರ್ ಮತ್ತು ಎರಡು ಮೊಳೆ ಇನ್ನೂ ಕೋರ್ಟ್ ಪಕ್ಕದ ರೂಮಿನಲ್ಲೇ ಇವೆ. ಯಾರಿಗಾದರೂ ತಮ್ಮ ರಾಕೆಟ್ ಮೇಲೆ ಅನುಮಾನ ಇದ್ದರೆ ಸಂಜೆ ಐದರ ಮೇಲೆ ಬನ್ನಿ. ಷಟಲ್ ಆಡುವವರೂ ಬರಬಹುದು. ಆದರೆ ಬರುವಾಗ ಗಟ್ಟಿಂಗ್ ಮಾಡಿಸಿ ಎಷ್ಟು ದಿನ ಆಯಿತು ಅಂತ ನೆನಪು ಮಾಡಿಕೊಂಡು ಬನ್ನಿ. ನಾವು ಈಗ ಮೊದಲು ಕೇಳುವುದೇ ಅದನ್ನು.